ಸಾಟಿ ಲಗ್ನದ ಬಿಡುಗಡೆ

ಗಂಡ ಹೆಂಡತಿ ಒಂದೇ ಬೈಕಿನ ಮೇಲೆ ಕೂತು ಬಂದು ವಿಚ್ಛೇದನ ಕೇಳಿದರೆ ವಕೀಲರಿಗೆ ಸಂಶಯ ಬರಬೇಕು. ನನಗೆ ಆ ಮಧ್ಯಾಹ್ನ ಸಂಶಯಕ್ಕಿಂತ ಹಸಿವು ಜೋರಾಗಿತ್ತು. ಬೆಟಗೇರಿ ರಸ್ತೆಯ ನನ್ನ ಆಫೀಸಿನ ಮೆಟ್ಟಿಲು ಹತ್ತಿ ಬರುವಾಗ ಅವಳ ಬ್ಯಾಗು ಅವನ ಹೆಗಲಿಗಿತ್ತು, ಅವನ ಹೆಲ್ಮೆಟ್ಟು ಅವಳ ಕೈಯಲ್ಲಿತ್ತು. ಜೊತೆಗೆ ಬಿಸಿ ಮಿರ್ಚಿ ಭಜಿಯ ಪೊಟ್ಟಣ. ಕೇಳದೆಯೇ ನನ್ನ ಮುಂದೆ ಎರಡು ಇಟ್ಟರು. ನಾನು ಬೇಡ ಅನ್ನಲಿಲ್ಲ.

"ನಮಗ ಬಿಡುಗಡಿ ಬೇಕಾಗೈತ್ರಿ ಅಕ್ಕಾರ," ಎಂದ ಅವನು.

"ಇಬ್ಬರಿಗೂ?"

"ಹೂಂನ್ರಿ, ಇಬ್ಬರಿಗೂ," ಎಂದಳು ಅವಳು.

ವಿಚ್ಛೇದನಕ್ಕೆ ಬಂದವರಿಗೆ ನಾನು ಮೊದಲು ಕೇಳುವುದು ಮಕ್ಕಳ ಬಗ್ಗೆ. ಮಕ್ಕಳಿದ್ದರೆ ಉಳಿದದ್ದೆಲ್ಲ ಅವರ ಸುತ್ತಲೇ ತಿರುಗುತ್ತದೆ: ಯಾರ ಹತ್ತಿರ ಇರಬೇಕು, ಇನ್ನೊಬ್ಬರು ಯಾವಾಗ ನೋಡಬೇಕು, ಸೂಟಿಯಲ್ಲಿ ಎಲ್ಲಿ, ಶಾಲೆಯ ಕಾಗದಕ್ಕೆ ಯಾರ ಸಹಿ. ಇವರಿಗೆ ಮಕ್ಕಳಿರಲಿಲ್ಲ. ಆಸ್ತಿಯ ತಕರಾರಿಲ್ಲ, ಹೊಡೆತ ಬಡಿತ ಇಲ್ಲ, ಮೂರನೆಯವರ ಸುದ್ದಿಯೂ ಇಲ್ಲ. ಅವನು ಮುಂಡರಗಿ ತಾಲೂಕಿನ, ತುಂಗಭದ್ರೆಯ ದಂಡೆಯ ಕೊರ್ಲಹಳ್ಳಿಯವನು, ಹೊಳೆ ನೀರಿನ ಹೊಲ ಮಾಡುತ್ತಿದ್ದ. ಅವಳ ತವರು ಲಕ್ಷ್ಮೇಶ್ವರ. ಬಿ.ಎಡ್. ಓದುತ್ತ ವರ್ಷಕ್ಕೂ ಮೇಲೆ ಗದಗಿನ ಹಾಸ್ಟೆಲ್ಲಿನಲ್ಲಿದ್ದಳು.

"ಹಂಗಾದ್ರ ಜಗಳ ಏನು?" ಎಂದೆ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು, ನೀನು ಹೇಳು ನೀನು ಹೇಳು ಅನ್ನುವ ಹಾಗೆ. ಕೊನೆಗೆ ಅವನೇ ಬಾಯಿ ಬಿಟ್ಟ. "ಜಗಳಾ ಇಲ್ರಿ. ಆಕಿ ಭಾಳ ಚೊಲೊ ಹುಡಿಗಿ. ನನಗ ಒಡಹುಟ್ಟಿದಾಕಿ ಅನಿಸ್ತಾಳ್ರಿ, ಹೆಂಡ್ತಿ ಅನಸೂದಿಲ್ಲ. ನಾನೂ ಭಾಳ ನೋಡಿದೆ."

"ಒಂದ ಕ್ವಾಣ್ಯಾಗ ಇಬ್ಬರು ಬಸ್ ಕಾಯೂ ಮಂದಿ ಕುಂತಂಗ ಕುಂದರ್ತಿದ್ವಿರಿ," ಎಂದಳು ಅವಳು. "ಮಾತಾಡಿದ್ರ ಹವಾಮಾನದ ಮಾತು. ಹಿಂಗ ಎಷ್ಟ ದಿನಾ ಅಂತ ಕುಂದರೂದ್ರಿ?"

ನನಗೆ ನಗು ಬಂತು. ಕಿರುಚಾಡುವವರನ್ನು ಕೇಳಿ ಕೇಳಿ ನನ್ನ ಕಿವಿ ಗಟ್ಟಿಯಾಗಿವೆ. ಹೀಗೆ ಮೆತ್ತಗೆ ಮಾತಾಡುವವರು ಬಂದರೆ ಏನು ಮಾಡಬೇಕೋ ತಿಳಿಯುವುದಿಲ್ಲ.

ಅವರು ತಿಳಿದುಕೊಂಡದ್ದು, ಬಾಂಡ್ ಪೇಪರಿನ ಮೇಲೆ ಬರೆದು ನೋಟರಿ ಶಿಕ್ಕಾ ಹಾಕಿಸಿದರೆ ಮುಗಿಯಿತು ಎಂದು. ಈ ಕಡೆಯ ಅರ್ಧ ಮಂದಿ ಹಾಗೆಯೇ ತಿಳಿದಿದ್ದಾರೆ. ಹಿರಿಯರ ಮುಂದೆ ಕೂತು ಬರೆಸಿಕೊಂಡು, ಅದನ್ನೇ ನಂಬಿ ಇನ್ನೊಂದು ಲಗ್ನವಾಗಿ, ಆಮೇಲೆ ನನ್ನ ಹತ್ತಿರ ಬಂದು ಕಣ್ಣೀರು ಹಾಕಿದವರಿದ್ದಾರೆ. ಇಬ್ಬರೂ ಒಪ್ಪಿದ್ದರೆ ಕೋರ್ಟಿಗೆ ಜಂಟಿ ಅರ್ಜಿ ಹಾಕಬೇಕು, ಅದಕ್ಕೆ ವರ್ಷವಾದರೂ ಗಂಡ ಹೆಂಡತಿಯಾಗಿ ಬಾಳದೆ ಬೇರೆ ಇದ್ದಿರಬೇಕು ಎಂದು ತಿಳಿಸಿ ಹೇಳಿದೆ.

"ಬ್ಯಾರೇನ ಅದೀವ್ರಿ," ಎಂದ ಅವನು. "ಹಬ್ಬ ಹುಣ್ಣಿವಿಗೆ ಅಷ್ಟ ಹಾಸ್ಟೆಲ್ಲಿಗೆ ಬಂದು ಬೈಕ್ ಮ್ಯಾಲೆ ಕರಕೊಂಡು ಹೋಗ್ತೀನಿ, ಮಂದಿಗೆ ಕಾಣಬೇಕಲ್ರಿ. ಸಂಜಿಗೆ ತಿರುಗಿ ಬಿಟ್ಟು ಹೋಗ್ತೀನಿ."

"ಶಾಣ್ಯಾ ಅದೀರಿ," ಎಂದೆ ನಾನು. "ನಾಳೆ ನ್ಯಾಯಾಧೀಶರು ಕೇಳಿದ್ರ ಇದನ್ನೂ ಖರೇನ ಹೇಳ್ರಿ."

ಆಮೇಲೆ ಇತ್ಯರ್ಥ ಮಾಡಬೇಕಾದ ವಿಷಯಗಳಿಗೆ ಕೂತೆವು. ಇದು ನನ್ನ ಕೆಲಸದಲ್ಲಿ ಬೇಸರದ ಭಾಗ ಎಂದು ಬೇರೆಯವರು ತಿಳಿಯುತ್ತಾರೆ, ನನಗೆ ಮಾತ್ರ ಇದೇ ಮುಖ್ಯ. ತವರಿನಿಂದ ಬಂದ ಬಂಗಾರ ಮತ್ತು ಹಾಂಡೆ, ತಿಜೋರಿ, ಮಂಚ ಅವಳ ಸ್ತ್ರೀಧನ. ಅದು ಯಾರ ಕೃಪೆಯಿಂದಲೂ ಬರಬೇಕಾಗಿಲ್ಲ, ಅವಳದೇ. ಬ್ಯಾಂಕಿನ ಜಂಟಿ ಖಾತೆ ಮುಚ್ಚಬೇಕು. ರೇಷನ್ ಕಾರ್ಡಿನಿಂದ ಹೆಸರು ತೆಗೆಸಬೇಕು. ಅವನ ವಿಮೆಯಲ್ಲಿ ನಾಮಿನಿ ಅವಳಿದ್ದಳು, ಅದನ್ನು ಬದಲಿಸಬೇಕು. ಅವಳ ಆಧಾರಿನಲ್ಲಿ ಗಂಡನ ಹೆಸರು ಏರಿದೆ, ಅಂಕಪಟ್ಟಿಯಲ್ಲಿ ತಂದೆಯ ಹೆಸರಿದೆ. ನಾಳೆ ನೌಕರಿಗೆ ಅರ್ಜಿ ಹಾಕುವಾಗ ಇದೇ ಕಾಲಿಗೆ ತೊಡಕುತ್ತದೆ.

ಜೀವನಾಂಶದ ಮಾತು ಬಂದಾಗ ಅವಳು ಕೈ ಅಲ್ಲಾಡಿಸಿಬಿಟ್ಟಳು. "ಏನೂ ಬ್ಯಾಡ್ರಿ."

ಸಿಟ್ಟು ಬಂತು ನನಗೆ. "ಏನೂ ಬ್ಯಾಡ ಅನ್ನಾಕ ನೀ ಏನ ಮಠದಾಗ ಕುಂದರಾಕ ಹೊಂಟೀ ಏನು? ಓದು ಮುಗದಿಲ್ಲ, ನೌಕರಿ ಸಿಕ್ಕಿಲ್ಲ."

ಅವನೇ ನಡುವೆ ಬಾಯಿ ಹಾಕಿದ. "ಓದು ಮುಗಿಯೂ ತನಕ, ನೌಕರಿ ಹತ್ತೂ ತನಕ ನಾ ನೋಡ್ಕೋತೀನ್ರಿ. ಬರೀರಿ ಅದನ್ನ." ಅವಳು ಬೇಡವೆಂದಳು, ಅವನು ಬೇಕೇ ಬೇಕೆಂದ. ಕೊಡುವವನು ಹಟ ಹಿಡಿದು, ಇಸಿದುಕೊಳ್ಳುವವಳು ಒಲ್ಲೆನೆಂದ ಕೇಸು ನನ್ನ ಆಫೀಸಿನಲ್ಲಿ ಅದೇ ಮೊದಲು. ಕೊನೆಗೆ ಅವನು ಹೇಳಿದಂತೆಯೇ ಬರೆದೆ.

"ಮತ್ತೇನರ ಐತೇನು? ಎರಡೂ ಮನಿ ನಡುವ ಬ್ಯಾರೆ ಸಂಬಂಧ, ಕೊಟ್ಟದ್ದು ತಗೊಂಡದ್ದು?" ಎಂದು ಕೇಳಿದೆ. ಎಲ್ಲರಿಗೂ ಕೇಳುವ ಪ್ರಶ್ನೆ ಅದು. ಇಬ್ಬರೂ ಒಟ್ಟಿಗೇ ಇಲ್ಲ ಎಂದರು. ಬಹಳ ಜಲ್ದಿ ಎಂದರು.

ಅರ್ಜಿ ದಾಖಲಾಯಿತು. ನ್ಯಾಯಾಧೀಶರು ಇಬ್ಬರನ್ನೂ ಬೇರೆ ಬೇರೆ ನಿಲ್ಲಿಸಿ, ಯಾರ ಒತ್ತಾಯವೂ ಇಲ್ಲವಷ್ಟೆ ಎಂದು ಕೇಳಿ ಹೇಳಿಕೆ ಬರೆದುಕೊಂಡರು. ಅಲ್ಲಿಂದ ಆರು ತಿಂಗಳು ಕಾಯಬೇಕು. ಅಷ್ಟರೊಳಗೆ ಮನಸ್ಸು ತಿರುಗಿದರೆ ತಿರುಗಲಿ ಎಂದು ಕಾಯಿದೆ ಇಟ್ಟ ಅವಧಿ ಅದು. ಡಿಕ್ರಿ ಆಗುವ ಕ್ಷಣದವರೆಗೂ ಇಬ್ಬರಲ್ಲಿ ಯಾರಾದರೂ ಒಪ್ಪಿಗೆ ಹಿಂದಕ್ಕೆ ತೆಗೆದುಕೊಳ್ಳಬಹುದು. ಮನೆಯಲ್ಲಿ ಅಷ್ಟರೊಳಗೆ ಹೇಳಿಬಿಡಿ ಎಂದು ಇಬ್ಬರಿಗೂ ತಾಕೀತು ಮಾಡಿ ಕಳಿಸಿದೆ. ಗದಗಿನ ಕೋರ್ಟಿನ ಆವರಣದಲ್ಲಿ ಯಾವ ದಿನ ನೋಡಿದರೂ ಮುಂಡರಗಿ ತಾಲೂಕಿನ ಅರ್ಧ ಊರು ಬೇವಿನ ಗಿಡದ ಕೆಳಗೆ ಕೂತಿರುತ್ತದೆ. ಸುದ್ದಿ ಬಚ್ಚಿಡುವ ಜಾಗವೇ ಅದಲ್ಲ.

ಒಂದೆರಡು ತಿಂಗಳಾಗಿರಬೇಕು. ಬೆಳಗ್ಗೆ ನಾನು ಆಫೀಸಿನ ಬೀಗ ತೆಗೆಯುವಷ್ಟರಲ್ಲಿ ಅವಳು ಮೆಟ್ಟಿಲ ಮೇಲೆ ಕೂತಿದ್ದಳು. ಲಕ್ಷ್ಮೇಶ್ವರದ ಮೊದಲ ಬಸ್ಸಿಗೆ ಬಂದಿದ್ದಳು, ಫ್ರೀ ಟಿಕೇಟು ಇನ್ನೂ ಮುಷ್ಟಿಯಲ್ಲೇ ಇತ್ತು. ಮುಖ ಬಾತುಕೊಂಡಿತ್ತು.

"ಅರ್ಜಿ ಹಿಂದ ತಗೀರಿ ಅಕ್ಕಾರ. ನಾ ಕೊರ್ಲಹಳ್ಳಿಗೆ ಹೊಕ್ಕೀನಿ."

"ಯಾಕ? ಅವಾ ಏನರ ಅಂದನೇನು?"

"ಅವರೂ ಇದನ್ನ ಹೇಳ್ಯಾರ್ರಿ. ಇಬ್ಬರೂ ಕೂಡೇ ಠರಾಯಿಸೀವಿ."

ಒಳಗೆ ಕರೆದು ನೀರು ಕೊಟ್ಟು ಕೂರಿಸಿದೆ. ಮುಚ್ಚಿಟ್ಟಿದ್ದೆಲ್ಲ ಆಗ ಹೊರಗೆ ಬಂತು. ಅವರದು ಸಾಟಿ ಲಗ್ನ. ಹೆಣ್ಣು ಕೊಟ್ಟು ಹೆಣ್ಣು ತರುವುದು. ಇವಳ ಅಣ್ಣ ಲಕ್ಷ್ಮೇಶ್ವರದಲ್ಲಿ ನೀರೆತ್ತುವ ಮೋಟರು ರಿಪೇರಿ ಮಾಡುವವನು. ಒಮ್ಮೆ ಕೊರ್ಲಹಳ್ಳಿಯ ಹೊಲಕ್ಕೆ ಮೋಟರು ಬಿಚ್ಚಲು ಹೋದವನು ಆ ಮನೆಯ ಮಗಳನ್ನು, ಅಂದರೆ ಈಗಿನ ಇವಳ ಗಂಡನ ತಂಗಿಯನ್ನು, ನೋಡಿದ. ಅವಳೂ ನೋಡಿದಳು. ಆ ಬೇಸಿಗೆ ಒಂದೇ ಮೋಟರು ನಾಕು ಸಲ ಕೆಟ್ಟಿತಂತೆ. ಹಿರಿಯರಿಗೆ ತಿಳಿದಾಗ ಹುಡುಗಿಯ ತಂದೆ ಒಂದೇ ಮಾತು ಹೇಳಿದರು: ನನ್ನ ಮಗಳನ್ನು ಕೊಡುತ್ತೇನೆ, ನಿಮ್ಮ ಮಗಳನ್ನು ನನ್ನ ಮಗನಿಗೆ ಕೊಡಿ. ಒಂದೇ ಹಂದರದಲ್ಲಿ ಎರಡು ಲಗ್ನವಾದವು. ಅಣ್ಣನ ಸಲುವಾಗಿ ಇವಳು ಹೂಂ ಅಂದಳು. ತಂಗಿಯ ಸಲುವಾಗಿ ಅವನು ಹೂಂ ಅಂದ.

"ಇದನ್ನ ಅವತ್ತ ಯಾಕ ಹೇಳಲಿಲ್ಲ?"

"ಹೇಳಿದ್ರ ನೀವು ಅರ್ಜಿ ಬರೀತಿದ್ದಿಲ್ಲ ಅಂತ ಹೆದರಿದ್ವಿರಿ."

ಅಣ್ಣ ಮತ್ತು ಅತ್ತಿಗೆ ಚೆನ್ನಾಗಿದ್ದರು. ಮದುವೆಯಾಗಿ ಇಷ್ಟು ವರ್ಷದ ಮೇಲೆ ಈಗ ಅತ್ತಿಗೆ ಬಸುರಿ. ಏಳನೆಯ ತಿಂಗಳಿಗೆ ಅವಳ ತಂದೆ, ಅಂದರೆ ಇವಳ ಮಾವ, ಬಸುರಿಗೆ ಕುಬಸದ ಶಾಸ್ತ್ರ ಮಾಡಲು ಲಕ್ಷ್ಮೇಶ್ವರಕ್ಕೆ ಬಂದರು. ಹಸಿರು ಸೀರೆ, ಹಸಿರು ಬಳೆ, ಬುಟ್ಟಿ ಬುಟ್ಟಿ ತಿಂಡಿ. ಎಲ್ಲರೊಡನೆ ನಕ್ಕು ಮಾತಾಡಿ, ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕಲ್ಲ ಎಂದು ಪದ್ಧತಿಯಂತೆ ಮಗಳನ್ನು ಕರೆದುಕೊಂಡು ಹೋದರು. ಅಷ್ಟರಲ್ಲಾಗಲೇ ಅವರಿಗೆ ಕೋರ್ಟಿನ ಖಬರು ಮುಟ್ಟಿತ್ತು, ಆದರೆ ಮುಖದಲ್ಲಿ ಒಂದಿಷ್ಟೂ ತೋರಿಸಲಿಲ್ಲ. ವಾರ ಬಿಟ್ಟು ಅಣ್ಣ ಹೆಂಡತಿಯನ್ನು ನೋಡಲು ಹೋದರೆ ಬಾಗಿಲಲ್ಲೇ ನಿಲ್ಲಿಸಿದರು.

"'ನಿಮ್ಮ ಮಗಳು ನನ್ನ ಮನಿ ಬಿಟ್ಟ ಮ್ಯಾಲೆ ನನ್ನ ಮಗಳು ನಿಮ್ಮ ಮನಿಗೆ ಯಾಕ? ಹೆತ್ತ ಮ್ಯಾಲೂ ಕಳಸಂಗಿಲ್ಲ' ಅಂದ್ರಂತ್ರಿ," ಎಂದು ಹೇಳಿ ಅವಳು ಅಳತೊಡಗಿದಳು. "ಅಣ್ಣ ಊಟಾ ಬಿಟ್ಟಾನ. ಅಲ್ಲಿ ಅತ್ತಿಗಿ ಬಿಟ್ಟಾಳ, ಹೊಟ್ಯಾಗ ಕೂಸ ಇಟಗೊಂಡು. ಅವರು ಕೂಡಿ ಇರ್ಲಿ ಅಂತನ ನಾವು ಲಗ್ನಾ ಆಗಿದ್ವಿರಿ. ಈಗ ನಮ್ಮ ಸಲುವಾಗಿ ಅವರು ಅಗಲೂದಂದ್ರ ಹ್ಯಾಂಗ್ರಿ?"

ನಾನು ಅರ್ಜಿ ಹಿಂಪಡೆಯುವ ಕಾಗದ ಬರೆಯಲಿಲ್ಲ. ಆರು ತಿಂಗಳಲ್ಲಿ ಇನ್ನೂ ಬಹಳ ಉಳಿದಿದೆ, ಅವಸರ ಬೇಡ ಎಂದು ಹೇಳಿ, ಇಡ್ಲಿ ತರಿಸಿ ತಿನ್ನಿಸಿ ಕಳಿಸಿದೆ. ಅವಳು ಇಳಿದು ಹೋದ ಮೇಲೆ ಅವರ ಫೈಲು ಮತ್ತೆ ತೆರೆದು ನೋಡಿದೆ. ಸ್ತ್ರೀಧನ, ಜೀವನಾಂಶ, ರೇಷನ್ ಕಾರ್ಡು ಎಲ್ಲ ಸರಿಯಾಗಿ ಬರೆದಿದ್ದೆ. ಅರ್ಜಿಯಲ್ಲಿ ಇಲ್ಲದ ಇಬ್ಬರ ಸಂಸಾರ ಮುರಿಯಲು ಹತ್ತಿತ್ತು.

ಎರಡು ದಿನ ಬಿಟ್ಟು ಅಣ್ಣ ಬಂದ. ದಪ್ಪ ಮುಂಗೈ, ಉಗುರಿನ ಸಂದಿಯಲ್ಲೆಲ್ಲ ಗ್ರೀಸು. ಕಣ್ಣು ಕೆಂಪಾಗಿದ್ದವು. "ಪೊಲೀಸ್ ಕಂಪ್ಲೇಂಟ್ ಬರೀರಿ ಅಕ್ಕಾರ. ನನ್ನ ಹೆಂಡ್ತೀನ್ನ ಕೂಡಿ ಹಾಕ್ಯಾರ."

ಬರೆಯಬಹುದಿತ್ತು. ವಯಸ್ಸಿಗೆ ಬಂದ ಹೆಣ್ಣುಮಗಳು ಎಲ್ಲಿರಬೇಕು ಎಂಬುದನ್ನು ಅವಳೇ ತೀರ್ಮಾನಿಸಬೇಕು, ಅಪ್ಪನಲ್ಲ. ನನ್ನ ಕೈಯೂ ತುರಿಸುತ್ತಿತ್ತು, ಸುಳ್ಳೇಕೆ ಹೇಳಲಿ. ಆದರೆ ಅವಳ ಬಾಯಿಂದ ಕೇಳದೆ ಬರೆಯಲಾರೆ ಎಂದೆ. ಅವಳ ಮೊಬೈಲನ್ನು ಯಾರೂ ಕಸಿದುಕೊಂಡಿರಲಿಲ್ಲ. ಅವನು ಹಚ್ಚಿ ನನ್ನ ಕೈಗೆ ಕೊಟ್ಟ.

ಬಸುರಿಯ ದನಿ ಸಣ್ಣಗಿತ್ತು, ಮಾತು ಸ್ಪಷ್ಟವಾಗಿತ್ತು. "ಪೊಲೀಸರು ಬಂದ್ರ ನಾ ಎದ್ದು ಬರ್ತೀನ್ರಿ ಅಕ್ಕಾರ. ಅಪ್ಪ ತಡಿಯಂಗಿಲ್ಲ. ಆದ್ರ ಆಮ್ಯಾಲೆ ನನಗ ತವರ ಮನಿ ಅನ್ನೂದು ಇರಂಗಿಲ್ಲ. ಪಂಚಮಿಗೆ ಯಾರ ಬರ್ತಾರ್ರಿ ನನ್ನ ಕರಿಯಾಕ? ನಮ್ಮಪ್ಪ ಕೆಟ್ಟಾಂವಲ್ಲ. ಅಂಜ್ಯಾನ."

"ಅಂಜೂದು ಯಾತಕ್ಕ?"

"ಅದನ್ನ ನನ್ನ ಮುಂದ ಹೇಳಂಗಿಲ್ರಿ. ನೀವು ಕೇಳಿದ್ರ ಹೇಳಬಹುದೇನೋ."

ಗಂಡ ಮೊಬೈಲು ಇಸಿದುಕೊಂಡು ಗೋಡೆಯ ಕಡೆ ಮುಖ ಮಾಡಿ, "ಉಂಡೀ ಏನು? ಖರೆ ಹೇಳು, ಏನ ಉಂಡಿ?" ಎಂದು ಕೇಳುತ್ತಿದ್ದ. ನಾನು ಫೈಲು ಹುಡುಕುವ ನೆವದಿಂದ ಹೊರಗೆ ಹೋದೆ.

ಅವತ್ತೇ ತೀರ್ಮಾನಿಸಿದೆ. ಪ್ರಕರಣವನ್ನು ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸಬೇಕೆಂದು ಕೋರ್ಟಿಗೆ ಕೇಳಿಕೊಂಡೆ. ನ್ಯಾಯಾಧೀಶರು ಒಪ್ಪಿದರು. ಅಲ್ಲಿ ಕಟಕಟೆ ಇಲ್ಲ, ಮೇಜಿನ ಸುತ್ತ ಕುರ್ಚಿ ಹಾಕಿಕೊಂಡು ಕೂರುವುದು. ತರಬೇತಿ ಪಡೆದ ಹಿರಿಯ ವಕೀಲರೊಬ್ಬರು ಮಧ್ಯಸ್ಥರಾಗಿರುತ್ತಾರೆ, ಕಕ್ಷಿದಾರರು ಒಪ್ಪಿದರೆ ಮನೆಯವರೂ ಬರಬಹುದು. ಅಲ್ಲಿ ಆಡಿದ ಮಾತನ್ನು ಹೊರಗೆ ಹೇಳುವಂತಿಲ್ಲ. ಇಲ್ಲಿ ಬರೆಯುತ್ತಿರುವುದು ಅವರೆಲ್ಲರ ಒಪ್ಪಿಗೆ ಪಡೆದು, ಹೆಸರು ಬಿಟ್ಟು.

ಮಾವ ಬರಲಾರರು ಎಂದುಕೊಂಡಿದ್ದೆ. ಮೊದಲ ಸಲ ಬರಲಿಲ್ಲ ಕೂಡ. ಎರಡನೆಯ ಸಲ ಮಗನ ಬೈಕಿನ ಹಿಂದೆ ಕೂತು ಬಂದರು. ಬಿಳಿ ಧೋತರ, ತಲೆಗೆ ರುಮಾಲು, ಕೈಯಲ್ಲಿ ಛತ್ರಿ. ಕುರ್ಚಿಯ ತುದಿಯಲ್ಲಿ ಕೂತರು. ಸೊಸೆ ಎದ್ದು ಹೋಗಿ ಕಾಲಿಗೆ ಬಿದ್ದರೆ, "ಹೂಂ, ಇರಲಿ," ಎಂದರು, ಅವಳ ಮುಖ ನೋಡಲಿಲ್ಲ.

ಮಧ್ಯಸ್ಥರು ಕೇಳಿದ ಯಾವ ಮಾತಿಗೂ ಅವರಿಂದ ಉತ್ತರ ಬರಲಿಲ್ಲ. ಚಹಾ ಬಂತು, ತಣ್ಣಗಾಯಿತು. ನನಗೆ ತಾಳ್ಮೆ ಅನ್ನುವುದು ಹುಟ್ಟಿನಿಂದಲೇ ಕಡಿಮೆ. "ಕಾಕಾರ," ಎಂದೆ, "ನಿಮ್ಮ ಮಗಳಿಗೆ ಆ ಮನ್ಯಾಗ ಏನರ ತ್ರಾಸ ಐತೇನ್ರಿ?"

"ಇಲ್ಲ."

"ಅಳಿಯಾ ಕುಡೀತಾನ?"

"ಛೇ, ಛೇ."

"ಮತ್ತ್ಯಾಕ್ರಿ ಆಕಿ ಕಣ್ಣಾಗ ನೀರ ತರಸ್ತೀರಿ?"

ಛತ್ರಿಯನ್ನು ಒಂದು ಮೊಣಕಾಲಿನಿಂದ ಇನ್ನೊಂದಕ್ಕೆ ಸರಿಸಿದರು. "ಈಗ ತ್ರಾಸ ಇಲ್ಲ ವಕೀಲ್ರ. ಯಾಕ ಇಲ್ಲ? ಅವರ ಮಗಳು ನನ್ನ ಮನ್ಯಾಗ ಅದಾಳ ಅಂತ ಇಲ್ಲ. ನನ್ನ ತಂಗೀನ್ನೂ ಹಿಂಗ ಸಾಟಿ ಕೊಟ್ಟಿದ್ದಿವಿ. ಆ ಕಡಿಯಿಂದ ನಮ್ಮಣ್ಣಗ ತಂದಾಕಿ ನಮ್ಮ ಮನಿ ಬಿಟ್ಟು ಹೋದ್ಲು. ಅಲ್ಲಿಂದ ನನ್ನ ತಂಗಿಗೆ ಆ ಮನ್ಯಾಗ ಕುಂತ್ರ ತಪ್ಪು, ನಿಂತ್ರ ತಪ್ಪು. ಅಡಗಿ ಮನಿ ಬಾಗಲಾಗ ಕುಂದರಸಿ ಉಣ್ಣಾಕ ಹಾಕತಿದ್ರು, ನಾಯಿಗೆ ಹಾಕಿದಂಗ. ನಾ ಹೋಗಿ ನೋಡಿ ಬಂದೀನಿ. ಕರಕೊಂಡು ಬರೂದರಾಗ ಆಕಿ ಜೀವಾನ ಹೋಗಿಬಿಡ್ತು." ಧೋತರದ ಚುಂಗಿನಿಂದ ಮುಖ ಒರೆಸಿಕೊಂಡರು. "ಇವತ್ತ ಇವರು ಚೊಲೊ ಅದಾರ. ನಾಳೆ ಬಿಡಿಸಿಕೊಂಡು ಬಂದ ಮಗಳು ಎದುರಿಗೆ ಕುಂತಿರ್ತಾಳ. ಆಕೀನ್ನ ನೋಡಿದಾಗೊಮ್ಮೆ ಸಿಟ್ಟ ಯಾರ ಮ್ಯಾಲೆ ತಗೀತಾರ? ನನ್ನ ಮಗಳ ಮ್ಯಾಲೆ."

ಮಗನಿಗೇ ಈ ಸಂಗತಿ ಪೂರ್ತಿ ಗೊತ್ತಿರಲಿಲ್ಲ. ಅಪ್ಪನ ಕಡೆ ಬಾಯಿ ತೆರೆದು ನೋಡುತ್ತ ಕೂತಿದ್ದ. ನನ್ನ ಸಿಟ್ಟೆಲ್ಲ ಇಳಿದು ಹೋಯಿತು. ಈ ಮನುಷ್ಯ ಸೊಸೆಯನ್ನು ಮನೆಯಲ್ಲಿ ಇಟ್ಟುಕೊಂಡದ್ದು ಮಗಳಿಗೆ ಜಾಮೀನಾಗಿ. ಜಾಮೀನು ಬಿಟ್ಟು ಹೋಗುತ್ತದೆ ಅಂದಾಗ ಗಾಬರಿಯಾಗಿದ್ದಾನೆ. ಜಾಮೀನು ಕೋರ್ಟಿನಲ್ಲಿ ದಿನಾ ನೋಡುವ ಸಂಗತಿಯೇ, ಮನೆಯೊಳಗೆ ಕಂಡದ್ದು ಮಾತ್ರ ಅವತ್ತೇ ಮೊದಲು.

ಸೊಸೆ ತನ್ನ ಕುರ್ಚಿ ಬಿಟ್ಟು ಅವರ ಹತ್ತಿರ ನೆಲದ ಮೇಲೆ ಕೂತಳು. "ಮಾವಾರ, ಆ ಮನ್ಯಾಗ ನಾ ಅದೇನಲ್ರಿ. ಆಕಿಗೆ ಒಂದ ಮಾತು ಬರಗೊಡಂಗಿಲ್ಲ."

"ನೀ ನಾಳೆ ಇನ್ನೊಂದ ಲಗ್ನಾ ಆಗಿ ಹೊಕ್ಕಿ."

"ಹೋದ್ರ ಹೋಗಬಹುದ್ರಿ. ಹೋದ್ರೂ ಅದು ನನ್ನ ತವರು. ಆಕಿ ಅಲ್ಲಿ ಇದ್ರನ ನನಗ ತವರು."

"ಮಾತಿಗೇನು, ಯಾರರ ಆಡ್ತಾರ." ಮುದುಕರು ಮೊದಲ ಸಲ ಅವಳ ಮುಖ ನೇರವಾಗಿ ನೋಡಿದರು. "ಒಂದ ಕೆಲಸ ಮಾಡು. ನಿಮ್ಮ ಕೋರ್ಟಿಂದೆಲ್ಲಾ ಮುಗೀಲಿ. ನೀ ನನ್ನ ಸೊಸಿ ಅಲ್ಲ ಅಂತ ಶಿಕ್ಕಾ ಬೀಳ್ಲಿ. ಆಮ್ಯಾಲೆ ಬಾಣಂತೀನ್ನ ಕರಿಯಾಕ ನೀನ ಬರಬೇಕು. ನಿಮ್ಮಣ್ಣ ಅಲ್ಲ, ನಿಮ್ಮಪ್ಪ ಅಲ್ಲ, ನೀನು. ಊರ ಮಂದಿ ಎಲ್ಲಾ ನೋಡತಿರ್ತಾರ. ಬಿಟ್ಟು ಹೋದ ಮನಿ ಅಂಗಳದಾಗ ಬಂದು ನಿಂದರೂ ಧೈರ್ಯ ಆಕಿ ಸಲುವಾಗಿ ನಿನಗ ಬಂತಂದ್ರ, ನಾ ನಂಬ್ತೀನಿ."

ಅವಳು ಹೂಂ ಎಂದಳು. ನಾನು ತಕ್ಷಣ ಪೆನ್ನು ತೆಗೆದೆ. ಕಸುಬಿನ ಬುದ್ಧಿ ಎಲ್ಲಿಗೆ ಹೋಗುತ್ತದೆ? ಮಗಳನ್ನು ಕಳಿಸಿಕೊಡುವುದಾಗಿ ಅವರಿಂದ ಬರೆಸಿಕೊಳ್ಳೋಣ ಎಂದೆ. ಅವರು ಅರ್ಜಿಯ ಕಕ್ಷಿದಾರರಲ್ಲ, ಬರೆಸಿದರೂ ಅದು ನಿಲ್ಲುವುದಿಲ್ಲ ಎಂದು ಮಧ್ಯಸ್ಥರು ಕಿವಿಯಲ್ಲಿ ಹೇಳಿದರು. ಮಾವನಿಗೆ ಮಾತ್ರ ಕೆಂಡದಂಥ ಕೋಪ ಬಂತು. "ನನ್ನ ಮಾತಿಗೆ ಬಾಂಡ್ ಪೇಪರ್ ಬೇಕೇನು?" ಎಂದು ಛತ್ರಿ ಎತ್ತಿಕೊಂಡು ಹೊರಟೇಬಿಟ್ಟರು.

ಅವತ್ತು ಸಂಜೆ ನಾನು ಅವಳಿಗೆ ವಕೀಲಳಾಗಿ ಹೇಳಬೇಕಾದ್ದನ್ನು ಹೇಳಿದೆ. ಡಿಕ್ರಿಗೆ ಮೊದಲು ಅತ್ತಿಗೆ ಮನೆಗೆ ಬರಲಿ. ಅಲ್ಲಿಯವರೆಗೆ ಕೊನೆಯ ಹೇಳಿಕೆ ಕೊಡಬೇಡ. ಈಗ ನಿನ್ನ ಒಪ್ಪಿಗೆಯೊಂದೇ ನಿನ್ನ ಕೈಯಲ್ಲಿರುವುದು. ಅದನ್ನೂ ಕೊಟ್ಟ ಮೇಲೆ ಅವರು ಮಗಳನ್ನು ಕಳಿಸದಿದ್ದರೆ ಏನು ಮಾಡುತ್ತೀ? ಮುದುಕರು ನಿಜ ಹೇಳುತ್ತಿದ್ದಾರೆಂದು ನನಗೂ ಅನಿಸಿತ್ತು. ಆದರೆ ಅನಿಸಿದ್ದನ್ನು ನಂಬಿ ಕಕ್ಷಿದಾರರಿಗೆ ಸಲಹೆ ಕೊಡಲು ಬರುವುದಿಲ್ಲ.

ಅವಳು ತಲೆ ಅಲ್ಲಾಡಿಸಿದಳು.

"ಆಕಿ ಬಂದ್ರ ನಾ ಬಿಡ್ತೀನಿ ಅನ್ನೂದಂದ್ರ ಅದು ಮತ್ತ ಸಾಟೀನ ಆತಲ್ರಿ ಅಕ್ಕಾರ," ಎಂದಳು. "ಒಮ್ಮೆ ಸಾಟಿ ಮಾಡಿದ್ದು ಸಾಕ್ರಿ."

ಆಯಿತು ಎಂದೆ. ಮನೆಗೆ ಹೋದ ಮೇಲೂ ಹೆದರಿಕೆ ಬಿಡಲಿಲ್ಲ. ನಾನು ಇಷ್ಟು ಬರಿಗೈಯಲ್ಲಿ ಯಾವ ಕೇಸನ್ನೂ ಕೊನೆಗೆ ತಂದವಳಲ್ಲ.

ಮುಂಡರಗಿಯ ಆಸ್ಪತ್ರೆಯಲ್ಲಿ ಹೆಣ್ಣು ಕೂಸು ಹುಟ್ಟಿತು. ಅಣ್ಣ ಹೋಗಿ ನೋಡಿದ. ಮಾವ ಅಡ್ಡಿ ಮಾಡಲಿಲ್ಲ, ಮಾತೂ ಆಡಲಿಲ್ಲ. ತೊಟ್ಟಿಲಿಗೆ ಹಾಕುವಾಗ ಲಕ್ಷ್ಮೇಶ್ವರದವರನ್ನು ಕರೆದರು, ಊಟ ಹಾಕಿ ಕಳಿಸಿದರು. ಬಾಣಂತಿಯ ಮಾತು ಯಾರೂ ಎತ್ತಲಿಲ್ಲ. ಇವಳು ದಿನಕ್ಕೊಂದು ಸಲ ನನಗೆ ಕೂಸಿನ ಫೋಟೊ ಕಳಿಸುತ್ತಿದ್ದಳು. ಕೋರ್ಟಿನ ಕಾರಿಡಾರಿನಲ್ಲಿ ನಿಂತು ನಾನು ಅದನ್ನು ದೊಡ್ಡದು ಮಾಡಿ ನೋಡುತ್ತಿದ್ದೆ. ಮೂಗು ಅಪ್ಪನದೇ, ಕೂಸಿಗೆ ಸ್ವಲ್ಪ ದೊಡ್ಡದಾಯಿತು.

ಅವಧಿ ಮುಗಿದು ಎರಡನೆಯ ಹಂತದ ಹೇಳಿಕೆಯ ದಿನ ಬಂತು. ಆ ಹೊತ್ತಿಗೆ ಬಂಗಾರ, ಹಾಂಡೆ, ತಿಜೋರಿ ಎಲ್ಲ ಲಕ್ಷ್ಮೇಶ್ವರ ಸೇರಿದ್ದವು, ಜಂಟಿ ಖಾತೆ ಮುಚ್ಚಿತ್ತು. ನ್ಯಾಯಾಧೀಶರು ಅವಳನ್ನು ಕೇಳಿದರು, "ನಿಮ್ಮ ಮೇಲೆ ಯಾರದಾದರೂ ಒತ್ತಡ ಇದೆಯೇನಮ್ಮಾ?" "ಇಲ್ರಿ," ಎಂದಳು. "ಇನ್ನೊಮ್ಮೆ ಯೋಚನೆ ಮಾಡಬೇಕು ಅನಿಸುತ್ತದೆಯೇ?" "ಮಾಡೇನ್ರಿ." ಅವನನ್ನೂ ಹಾಗೆಯೇ ಕೇಳಿದರು. ಊಟದ ಹೊತ್ತಿಗೆ ಆದೇಶವಾಗಿತ್ತು. ಹೊರಗೆ ಬೇವಿನ ಗಿಡದ ಕೆಳಗೆ ನಿಂತು ಇಬ್ಬರೂ ಅತ್ತರು. ಅವನು ಮೂಗು ಒರೆಸಿಕೊಂಡು, "ಅಕ್ಕಾರ, ಆಕಿನ್ನ ಒಬ್ಬಾಕಿನ ಕಳಸಬ್ಯಾಡ್ರಿ," ಎಂದ. ಬಾಣಂತಿಯನ್ನು ಕರೆಯಲು ಬರುವ ದಿನ ತಾನು ಮನೆಯಲ್ಲಿರುವುದಿಲ್ಲ, ಹೊಲಕ್ಕೆ ಹೋಗಿರುತ್ತೇನೆ, ಊರ ಮಂದಿಯ ಬಾಯಿಗೆ ಮತ್ತಷ್ಟು ಸಿಗುವುದು ಬೇಡ ಎಂದು ಹೇಳಿ ಹೋದ.

ಕೂಸಿಗೆ ಮೂರು ತಿಂಗಳು ತುಂಬಿದ ಮೇಲೆ ಒಂದು ಸೋಮವಾರ ಹೋದೆವು. ಕಾರು ನನ್ನದು. ಮುಂಡರಗಿ ದಾಟಿ ಹೊಳೆಯ ಕಡೆ ತಿರುಗಿದ ಮೇಲೆ ಎರಡೂ ಬದಿಗೆ ಕಬ್ಬು. ಅವಳು ದಾರಿಯುದ್ದಕ್ಕೂ ಸೆರಗಿನ ತುದಿ ತಿರುವುತ್ತ ಕೂತಿದ್ದಳು. ತಿರುವಿ ತಿರುವಿ ಅದು ಹಗ್ಗದಂತಾಗಿತ್ತು.

"ಕಳಸಲಿಲ್ಲಂದ್ರ?" ಎಂದಳು ಒಮ್ಮೆ.

"ನೀರ ಕುಡಿ," ಎಂದು ಬಾಟಲಿ ಕೊಟ್ಟೆ.

ಕೊರ್ಲಹಳ್ಳಿಯಲ್ಲಿ ಕಾರು ನಿಲ್ಲುವಷ್ಟರಲ್ಲಿ ಆಚೀಚೆ ಮನೆಯ ಕಟ್ಟೆಗಳ ಮೇಲೆ ಮಂದಿ ತುಂಬಿದ್ದರು. ನಮ್ಮ ಮಂದಿಗೆ ಇಂಥದ್ದು ಹೇಗೆ ಮೊದಲೇ ತಿಳಿಯುತ್ತದೋ ದೇವರೇ ಬಲ್ಲ. "ಬಿಟ್ಟ ಮನಿಗೆ ಬಂದಾಳ ನೋಡ್ರಿ, ಎದಿಗಾರ್ತಿ," ಎಂದಿತು ಒಂದು ದನಿ, ಕೇಳಲಿ ಎಂದೇ. ನಾನು ತಿರುಗಿ ಬಾಯಿ ಮಾಡುವವಳಿದ್ದೆ. ಅವಳು ನನ್ನ ಕೈ ಒತ್ತಿ ತಡೆದಳು.

ಮಾವ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದರು. ಅವಳು ಅಂಗಳದ ನಡುವೆ ಹೋಗಿ ನಿಂತಳು. ಮೇಲೆ ಹತ್ತಲಿಲ್ಲ.

"ಅತ್ತಿಗೀನ್ನ ಕರಿಯಾಕ ಬಂದೀನ್ರಿ," ಎಂದಳು. ದನಿ ಕಟ್ಟೆಯ ಮೇಲಿದ್ದವರಿಗೂ ಕೇಳುವಷ್ಟಿತ್ತು.

ಅವರು ಎದ್ದರು. ತಿರುಗಿ ಒಳಗೆ ಹೋದರು. ಬಾಗಿಲು ಅರ್ಧ ಮುಚ್ಚಿಕೊಂಡಿತು. ಬಿಸಿಲು ಸುರಿಯುತ್ತಿತ್ತು. ನಾವಿಬ್ಬರೂ ಹಾಗೇ ನಿಂತೆವು, ಕಟ್ಟೆಗಳ ಮೇಲೆ ಗುಸುಗುಸು ಸುರುವಾಯಿತು. ಮುಗಿಯಿತು, ಮಾತು ತಪ್ಪಿದರು ಎಂದುಕೊಂಡೆ ನಾನು. ಆ ಸಂಜೆ ನಾನು ಹೇಳಿದ್ದನ್ನು ಕೇಳಿದ್ದರೆ ಹೀಗಾಗುತ್ತಿರಲಿಲ್ಲ ಎಂದೂ ಅನಿಸಿತು. ಅವಳು ಬಾಗಿಲಿನಿಂದ ಕಣ್ಣು ತೆಗೆಯಲಿಲ್ಲ.

ಬಾಗಿಲು ತೆರೆಯಿತು. ಮಾವ ಕೈಯಲ್ಲಿ ತಂಬಿಗೆ ಹಿಡಿದು ಮೆಟ್ಟಿಲಿಳಿದು ಬಂದರು. ಮಂದಿಯ ಕಡೆ ಒಮ್ಮೆ ನೋಡಿ ಗಟ್ಟಿಯಾಗಿ ಹೇಳಿದರು, "ಬೀಗರು ಬಂದಾರ. ಕಾಲಿಗೆ ನೀರ ಕೊಡೂದು ಬ್ಯಾಡೇನು?"

ಇಷ್ಟು ವರ್ಷ ಆ ಮನೆಗೆ ಬಂದ ಬೀಗರಿಗೆಲ್ಲ ನೀರು ಕೊಟ್ಟವಳು ಅವಳು. ಈಗ ತಂಬಿಗೆ ಕೈಗೆ ಬಂದಾಗ ಏನು ಮಾಡಬೇಕೋ ತಿಳಿಯದೆ ಹಾಗೇ ಹಿಡಿದುಕೊಂಡು ಅಳುತ್ತ ನಿಂತಳು. "ತೊಳಕೊ, ತೊಳಕೊ. ಬಿಸಲಾಗ ಬಂದೀ," ಎಂದರು ಅವರು. ನಾನೂ ಕಣ್ಣು ಒರೆಸಿಕೊಂಡೆ, ನನಗೇನು ನಾಚಿಕೆ.

ಒಳಗಿನಿಂದ ಬಾಣಂತಿ ಬಂದಳು, ತಲೆಗೆ ಬಟ್ಟೆ ಕಟ್ಟಿಕೊಂಡು, ಮುಖ ತುಂಬ ನಗು. ಅತ್ತಿಗೆಯರಿಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಎಷ್ಟು ಹೊತ್ತು ಅತ್ತರೋ. ಅತ್ತೆ ಇಬ್ಬರ ಉಡಿಗೂ ಅಕ್ಕಿ ಕೊಬ್ಬರಿ ಹಾಕಿದರು. ಊಟವಾಯಿತು. ತೊಟ್ಟಿಲು, ಅಂಟಿನ ಉಂಡೆಯ ಡಬ್ಬಿ, ಕೂಸಿನ ಬಟ್ಟೆಯ ಗಂಟು ಕಾರಿನೊಳಗೆ ತುಂಬಿ, ಬಾಣಂತಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿದೆವು. ಕೂಸು ಮಾತ್ರ ಮಾವನ ಕೈಯಲ್ಲೇ ಇತ್ತು. ಕುಲಾವಿಯನ್ನು ಮತ್ತೆ ಮತ್ತೆ ಸರಿಮಾಡುತ್ತಿದ್ದರು. ಮಗಳು ಕೈ ಚಾಚಿದಳು. ಅವರು ಅವಳಿಗೆ ಕೊಡಲಿಲ್ಲ. ಕಾರನ್ನು ಸುತ್ತಿ ಬಂದು, ಇನ್ನೂ ಹೊರಗೇ ನಿಂತಿದ್ದ ಇವಳ ಮುಂದೆ ನಿಂತರು.

"ತೆಲಿ ಕೆಳಗ ಕೈ ಕೊಡು. ಕುತಗಿ ಇನ್ನೂ ಪೂರಾ ನಿಂತಿಲ್ಲ."

ಅವಳು ಎರಡೂ ಕೈ ಕೂಸಿನ ಕೆಳಗೆ ಇಟ್ಟಳು. ಅವರ ಕೈಯೂ ಇನ್ನೂ ಅಲ್ಲಿಯೇ ಇತ್ತು.

"ಹಿಡದೀ ಏನು?"

"ಹಿಡದೀನ್ರಿ."

"ಗಟ್ಟಿ ಹಿಡದೀ?"

"ಹೂಂನ್ರಿ, ಗಟ್ಟಿ ಹಿಡದೀನಿ."

ಆಗ ಅವರು ಒಂದು ಕೈ ತೆಗೆದರು, ಸ್ವಲ್ಪ ತಡೆದು ಇನ್ನೊಂದನ್ನೂ ತೆಗೆದರು.